ಮೆರೊಪೆನೆಮ್ ಎಲ್ಲ ಜ್ವರಕ್ಕೂ ಕೆಲಸ ಮಾಡುವ ‘ಪವರ್ ಇಂಜೆಕ್ಷನ್’ ಹೌದೇ?

ಸಾರಾಂಶ

ಅಲ್ಲ. ಮೆರೊಪೆನೆಮ್ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯೋಟಿಕ್. ಜೀವಕ್ಕೆ ಅಪಾಯ ತರುವ ಸೋಂಕಿನಲ್ಲಿ ಇದು ಪ್ರಾಣ ಉಳಿಸುತ್ತದೆ. ಆದರೆ ಕೆಲವು ಜ್ವರಗಳಿಗೆ ಇದು ನಾಟುವುದೇ ಇಲ್ಲ.

ಹೇಳಿಕೆ ಏನು?

‘ಜ್ವರ ಬಿಡದಿದ್ದರೆ ಮೊದಲೇ ಪವರ್ ಇಂಜೆಕ್ಷನ್ ಹಾಕಿಸಿ’, ‘ದುಬಾರಿ ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಟ್ಟರೆ ಡಾಕ್ಟರ್ ಕೈಬಿಟ್ಟರು ಅಂತ ಅರ್ಥ’. ಇಂಥ ಮಾತುಗಳು ಫೋನಿಂದ ಫೋನಿಗೆ ಹೋಗುತ್ತಲೇ ಇರುತ್ತವೆ. ರಾವಂದೂರಿನಂಥ ಊರಿನಿಂದ ರೋಗಿಯನ್ನು ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಕರೆದೊಯ್ಯುವ ಮನೆಯವರು ಇದನ್ನು ನಂಬಿ ತಪ್ಪು ನಿರ್ಧಾರ ಮಾಡಬಹುದು.

ಮೆರೊಪೆನೆಮ್ ಹೇಗೆ ಕೆಲಸ ಮಾಡುತ್ತದೆ?

ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಂಡು ಬದುಕುತ್ತದೆ. ಮೆರೊಪೆನೆಮ್ ಆ ಗೋಡೆ ಕಟ್ಟುವ ಕೆಲಸವನ್ನು ತಡೆಯುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಇದು ಮಾತ್ರೆಯಾಗಿ ಸಿಗುವುದಿಲ್ಲ. ಸಾಮಾನ್ಯವಾಗಿ ದೊಡ್ಡವರಿಗೆ 8 ಗಂಟೆಗೊಮ್ಮೆ 1 ಗ್ರಾಂ ರಕ್ತನಾಳದ ಮೂಲಕ ಕೊಡುತ್ತಾರೆ. ಮಿದುಳು ಪೊರೆಯ ಸೋಂಕಿಗೆ 2 ಗ್ರಾಂ ಬೇಕಾಗುತ್ತದೆ. ಕಿಡ್ನಿ ಸರಿಯಿಲ್ಲದವರಿಗೆ ಪ್ರಮಾಣ ಕಡಿಮೆ ಮಾಡುತ್ತಾರೆ.

ಯಾವಾಗ ಬೇಕು?

ಸೋಂಕು ರಕ್ತಕ್ಕೆ ಹರಡಿ ಬಿಪಿ ಬಿದ್ದು ರೋಗಿ ಶಾಕ್‌ಗೆ ಹೋದಾಗ ವೈದ್ಯರು ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರು ಮಾಡಬೇಕಾಗುತ್ತದೆ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಕಲ್ಚರ್ ವರದಿಗೆ ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯಲಾಗದು. ಆದ್ದರಿಂದ ಅಗಲವಾಗಿ ಬಲೆ ಬೀಸುವ ಔಷಧಿ ಕೊಡುತ್ತಾರೆ. ಇಲ್ಲಿ ‘ಅಗಲ’ ಎಂದರೆ ಹಲವು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತದೆ ಎಂದಷ್ಟೇ. ಬೇರೆ ಔಷಧಿಗಳಿಗಿಂತ ‘ಪವರ್’ ಹೆಚ್ಚು ಎಂದಲ್ಲ.

ಕರ್ನಾಟಕದಲ್ಲೇ ಎರಡು ಉದಾಹರಣೆಗಳಿವೆ.

ಮೊದಲನೆಯದು ಮೆಲಿಯಾಯ್ಡೋಸಿಸ್. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಈ ಕಾಯಿಲೆ ಉಡುಪಿ, ದಕ್ಷಿಣ ಕನ್ನಡದ ಕಡೆ ಮಳೆಗಾಲದಲ್ಲಿ ಹೆಚ್ಚು ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ. ಇದಕ್ಕೆ ಮೆರೊಪೆನೆಮ್ ಅಥವಾ ಸೆಫ್ಟಾಜಿಡೈಮ್ ಕನಿಷ್ಠ 10ರಿಂದ 14 ದಿನ ಬೇಕು. ನಂತರ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಮೂರು ತಿಂಗಳಾದರೂ ನುಂಗಬೇಕು. ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ.

ಎರಡನೆಯದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ ಇದು. ಕಚ್ಚಿದ ಜಾಗದಲ್ಲಿ ಕೆಲವರಿಗೆ ಬೀಡಿಯಿಂದ ಸುಟ್ಟಂಥ ಕಪ್ಪು ಕಲೆ ಇರುತ್ತದೆ. ಇದರ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಅಡಗಿರುವುದರಿಂದ ಮೆರೊಪೆನೆಮ್ ಪ್ರಯೋಜನಕ್ಕೆ ಬರುವುದಿಲ್ಲ. ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ. ಹೊಲ, ಕಾಡಂಚು, ಪೊದೆಗಳಲ್ಲಿ ಓಡಾಡಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಡೆಂಗಿ, ಫ್ಲೂ ವೈರಸ್‌ನಿಂದ ಬರುತ್ತವೆ. ಅವಕ್ಕೆ ಯಾವ ಆಂಟಿಬಯೋಟಿಕ್ಕೂ ಮದ್ದಲ್ಲ.

ಇಂಜೆಕ್ಷನ್ ಬದಲಿಸಿದರೆ ಕೈಬಿಟ್ಟಂತೆಯೇ?

ಇಲ್ಲ. ಸಾಮಾನ್ಯವಾಗಿ ಅದು ಒಳ್ಳೆಯ ಸುದ್ದಿ. ಕಲ್ಚರ್ ವರದಿ ಬಂದು ಬ್ಯಾಕ್ಟೀರಿಯಾ ಯಾವುದು ಎಂದು ಗೊತ್ತಾದ ಮೇಲೆ, ಅದಕ್ಕೆ ತಕ್ಕ ಔಷಧಿಗೆ ಇಳಿಯುವುದೇ ಸರಿಯಾದ ಚಿಕಿತ್ಸೆ. ಔಷಧಿಯ ಬೆಲೆ ಇಳಿದರೆ ಚಿಕಿತ್ಸೆಯ ಮಟ್ಟ ಇಳಿದಂತಲ್ಲ.

ಸುಮ್ಮನೆ ಹಾಕಿಸಿಕೊಂಡರೆ ಏನಾಗುತ್ತದೆ?

ಭೇದಿ, ಅಲರ್ಜಿ, ಕೆಲವೊಮ್ಮೆ ಫಿಟ್ಸ್ ಬರಬಹುದು. ಫಿಟ್ಸ್‌ಗೆ ವಾಲ್ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು. ಮೆರೊಪೆನೆಮ್ ಆ ಮಾತ್ರೆಯ ಅಂಶವನ್ನು ರಕ್ತದಲ್ಲಿ ತೀರಾ ಕೆಳಗಿಳಿಸುತ್ತದೆ.

ಇನ್ನೊಂದು ನಷ್ಟ ಊರಿಗೆಲ್ಲ ಸೇರಿದ್ದು. ಬೇಡದ ಕಡೆ ಬಳಸಿದಷ್ಟೂ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತಾಗುತ್ತವೆ. ಐಸಿಯುಗಳಲ್ಲಿ ಕಾಣುವ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಬಹುಪಾಲು ಈಗಾಗಲೇ ಮೆರೊಪೆನೆಮ್‌ಗೆ ಜಗ್ಗುವುದಿಲ್ಲ ಎನ್ನುತ್ತವೆ ಐಸಿಎಂಆರ್ ವರದಿಗಳು. ಇದಕ್ಕಾಗಿಯೇ 2014ರ ಮಾರ್ಚ್‌ನಿಂದ ಮೆರೊಪೆನೆಮ್ ‘ಶೆಡ್ಯೂಲ್ ಎಚ್1’ ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಮೆಡಿಕಲ್ ಸ್ಟೋರ್‌ನವರು ರೋಗಿ ಮತ್ತು ವೈದ್ಯರ ಹೆಸರನ್ನು ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು.

ಮನೆಯವರು ಏನು ಮಾಡಬೇಕು?

• ಜ್ವರದ ಜತೆ ಏದುಸಿರು, ಗಲಿಬಿಲಿ ಮಾತು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.
• ‘ಕಲ್ಚರ್‌ಗೆ ರಕ್ತ ತೆಗೆದಿದ್ದೀರಾ?’ ಎಂದು ಕೇಳಿ. ಸಾಧ್ಯವಾದರೆ ಮೊದಲ ಡೋಸ್‌ಗೆ ಮುಂಚೆಯೇ ತೆಗೆಯಬೇಕು. ಆದರೆ ಅದಕ್ಕಾಗಿ ಇಂಜೆಕ್ಷನ್ ತಡವಾಗಬಾರದು.
• ಈಗಾಗಲೇ ತೆಗೆದುಕೊಂಡ ಮಾತ್ರೆ, ಇಂಜೆಕ್ಷನ್ ಚೀಟಿಗಳನ್ನೆಲ್ಲ ಜತೆಗೆ ಒಯ್ಯಿರಿ.
• ಅಲರ್ಜಿ, ಫಿಟ್ಸ್, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.
• ‘ಪವರ್ ಇಂಜೆಕ್ಷನ್ ಹಾಕಿ’ ಎಂದು ಒತ್ತಾಯಿಸಬೇಡಿ. ಶುರು ಮಾಡಿದ್ದನ್ನು ವೈದ್ಯರು ಹೇಳದೆ ನಡುವೆ ಬಿಡಿಸಲೂಬೇಡಿ.

ಕೊನೆಯ ಮಾತು

ಮೆರೊಪೆನೆಮ್ ಬೇಕಾದ ರೋಗಿಗೆ ತಡಮಾಡದೆ ಸಿಗಬೇಕು, ಬೇಡದವರಿಗೆ ಕೊಡಬಾರದು. ‘ಪವರ್ ಇಂಜೆಕ್ಷನ್’ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ.