ಲಾಂಗ್ ಆಂಬಿಯೆಂಟ್ಸ್ ೧
'ಲಾಂಗ್ ಆಂಬಿಯೆಂಟ್ಸ್ ೧: ಕಾಮ್. ಸ್ಲೀಪ್.' ಎಂಬುದು ಅಮೆರಿಕದ ಸಂಗೀತಗಾರ ಮೋಬಿಯವರು (ಜನನ: ಸೆಪ್ಟೆಂಬರ್ ೧೧, ೧೯೬೫) ೨೦೧೬ರಲ್ಲಿ ಹೊರತಂದ ಎಲೆಕ್ಟ್ರಾನಿಕ್ ಸಂಗೀತದ ಆಲ್ಬಮ್. ತಾಳ ಮತ್ತು ಹಾಡುಗಾರಿಕೆಗಿಂತ ನಿಧಾನವಾಗಿ ಬದಲಾಗುವ ನಾದಕ್ಕೆ ಪ್ರಾಧಾನ್ಯ ನೀಡುವ ಪ್ರಕಾರವೇ ಆಂಬಿಯೆಂಟ್.

ಮೋಬಿಯವರು ಮೊದಲು ಹೆಸರು ಗಳಿಸಿದ್ದು ಕ್ಲಬ್‌ಗಳ ನೃತ್ಯಸಂಗೀತದಿಂದ. ೧೯೯೧ರ 'ಗೋ' ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದಿತು. ೧೯೯೩ರ 'ಥೌಸಂಡ್' ಕೃತಿಯ ಲಯ ನಿಮಿಷಕ್ಕೆ ೧,೦೦೦ ಬಡಿತಗಳನ್ನು ಮೀರುತ್ತದೆ. ಅದೇ ವರ್ಷ 'ಆಂಬಿಯೆಂಟ್' ಎಂಬ ಶಾಂತ ಆಲ್ಬಮ್ ಕೂಡ ಪ್ರಕಟವಾಯಿತು.

೨೦೧೬ರ ಆಲ್ಬಮ್‌ನ ೧೧ ಕೃತಿಗಳು ಒಟ್ಟು ಸುಮಾರು ನಾಲ್ಕು ಗಂಟೆ ಸಾಗುತ್ತವೆ. ಯೋಗ, ಧ್ಯಾನ, ನಿದ್ರೆಯ ಹೊತ್ತಿನಲ್ಲಿಯೂ ದಿಗಿಲು ಆವರಿಸಿದಾಗಲೂ ತಾವೇ ಕೇಳಲೆಂದು ಇವನ್ನು ರಚಿಸಿಕೊಂಡಿದ್ದ ಅವರು, ಬಳಿಕ ಎಲ್ಲರಿಗೂ ಉಚಿತವಾಗಿ ನೀಡಿದರು. ಎರಡನೆಯ ಭಾಗ ೨೦೧೯ರಲ್ಲಿ ಪ್ರಕಟವಾಯಿತು.