ಕ್ಯಾಂಪರ್ ವ್ಯಾನ್‌ಗಳಲ್ಲಿ ಸಹಾಯಕ ಬ್ಯಾಟರಿ ಮತ್ತು ಸೌರ ಫಲಕ ಅಳವಡಿಕೆ: ಸಾರ್ವಜನಿಕರಿಗೆ ಮಾಹಿತಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಸ್ವಂತ ಉಪಯೋಗಕ್ಕಾಗಿ ಕ್ಯಾಂಪರ್ ವ್ಯಾನ್ ಹೊಂದಿರುವ ಅಥವಾ ಹೊಂದಲಿಚ್ಛಿಸುವ ವಾಹನ ಮಾಲೀಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಸಹಾಯಕ ಬ್ಯಾಟರಿಯ ಅಗತ್ಯ
ವಾಹನದ ಮೂಲ ಬ್ಯಾಟರಿಯು ಎಂಜಿನ್ ಚಾಲನೆಗೆ ಅಲ್ಪಾವಧಿಯಲ್ಲಿ ಅಧಿಕ ವಿದ್ಯುತ್ ಒದಗಿಸಲು ರೂಪಿತವಾಗಿದೆ. ರಾತ್ರಿಯಿಡೀ ದೀಪ, ಫ್ಯಾನ್ ಬಳಸಿದಲ್ಲಿ ಅದು ಬರಿದಾಗಿ, ಬೆಳಿಗ್ಗೆ ವಾಹನ ಚಾಲನೆಗೊಳ್ಳದಿರಬಹುದು. ಆದುದರಿಂದ ಪ್ರತ್ಯೇಕ ಡೀಪ್ ಸೈಕಲ್ ಬ್ಯಾಟರಿ ಅವಶ್ಯಕ.

2. ಸಾಮರ್ಥ್ಯದ ಲೆಕ್ಕಾಚಾರ (ಉದಾಹರಣೆ)
ಅ) 5 ವ್ಯಾಟ್‌ನ 3 ಎಲ್‌ಇಡಿ ದೀಪ, 5 ಗಂಟೆ: 75 ವ್ಯಾಟ್-ಅವರ್
ಆ) 20 ವ್ಯಾಟ್ ಫ್ಯಾನ್, 8 ಗಂಟೆ: 160
ಇ) 45 ವ್ಯಾಟ್ ಫ್ರಿಜ್, ದಿನಕ್ಕೆ 10 ಗಂಟೆ ಚಾಲನೆ: 450
ಈ) ಮೊಬೈಲ್ ಚಾರ್ಜಿಂಗ್: 40
ಒಟ್ಟು 725 ವ್ಯಾಟ್-ಅವರ್. 12 ವೋಲ್ಟ್‌ನಲ್ಲಿ ಇದು ಸುಮಾರು 60 ಆಂಪಿಯರ್-ಅವರ್.

ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುವುದು ಸೂಕ್ತವಲ್ಲ. ಆದ್ದರಿಂದ ಕನಿಷ್ಠ 120 ಆಂಪಿಯರ್-ಅವರ್ ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇಕಡ 80ರಷ್ಟು ಬಳಸಬಹುದಾದ್ದರಿಂದ 75 ಆಂಪಿಯರ್-ಅವರ್ ಸಾಕು. ಇದರ ಬೆಲೆ ಅಧಿಕವಾದರೂ ತೂಕ ಬಹಳ ಕಡಿಮೆ.

3. ಸೌರ ಫಲಕ
ಮುಂಗಾರಿನ ಮೋಡದ ದಿನಗಳನ್ನು ಪರಿಗಣಿಸಿ ದಿನಕ್ಕೆ 4 ಗಂಟೆಗಳ ಪೂರ್ಣ ಬಿಸಿಲು ಹಾಗೂ ಶೇಕಡ 30ರಷ್ಟು ನಷ್ಟವೆಂದು ಲೆಕ್ಕ ಹಾಕಿದಲ್ಲಿ, ಮೇಲ್ಕಂಡ ಬಳಕೆಗೆ ಸುಮಾರು 260 ವ್ಯಾಟ್ ಫಲಕ ಹಾಗೂ 30 ಆಂಪಿಯರ್‌ನ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಬೇಕಾಗುತ್ತದೆ. ಮರದ ನೆರಳಿನಲ್ಲಿ ನಿಲ್ಲಿಸಿದಲ್ಲಿ ಉತ್ಪಾದನೆ ಗಣನೀಯವಾಗಿ ಕುಗ್ಗುತ್ತದೆ. ಎಂಜಿನ್‌ನಿಂದಲೂ ಚಾರ್ಜ್ ಮಾಡುವುದಾದರೆ, ವಿಶೇಷವಾಗಿ ಬಿಎಸ್-6 ವಾಹನಗಳಲ್ಲಿ, ಡಿಸಿ-ಡಿಸಿ ಚಾರ್ಜರ್ ಬಳಸುವುದು ಸೂಕ್ತ.

4. ಸುರಕ್ಷತೆ
ವಾಹನದೊಳಗೆ ಜನರು ನಿದ್ರಿಸುವುದರಿಂದ ವೈರಿಂಗ್ ದೋಷವು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಬ್ಯಾಟರಿಯ ಧನ ತುದಿಯ ಸಮೀಪವೇ ಫ್ಯೂಸ್ ಅಳವಡಿಸತಕ್ಕದ್ದು. ಲೆಡ್ ಆಸಿಡ್ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲವು ವಾಹನದ ಹೊರಗೆ ಹೋಗುವಂತಿರಬೇಕು. ಕಂಟ್ರೋಲರ್‌ಗೆ ಮೊದಲು ಬ್ಯಾಟರಿಯನ್ನು, ನಂತರ ಫಲಕವನ್ನು ಜೋಡಿಸಬೇಕು.

5. ಪೂರ್ವಾನುಮತಿ
ಬಾಡಿ ವಿಧ, ಆಸನಗಳ ಸಂಖ್ಯೆ, ತೂಕ ಮುಂತಾದ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವುದಾದಲ್ಲಿ, ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಉಪಬಂಧಗಳು ಅನ್ವಯವಾಗುತ್ತವೆ. ಆದುದರಿಂದ ಹಣ ವೆಚ್ಚ ಮಾಡುವ ಮುನ್ನವೇ ಸಂಬಂಧಪಟ್ಟ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ದೇವನಹಳ್ಳಿ (ಕೆಎ-43) ಮತ್ತು ನೆಲಮಂಗಲದಲ್ಲಿ (ಕೆಎ-52) ಪ್ರಾದೇಶಿಕ ಸಾರಿಗೆ ಕಚೇರಿಗಳಿವೆ. ಅನಧಿಕೃತ ಮಾರ್ಪಾಡಿಗೆ ಕಲಂ 182ಎ(4)ರನ್ವಯ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸುವುದು ಕ್ಷೇಮ.

6. ಹಳೆಯ ಬ್ಯಾಟರಿ
ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರನ್ವಯ ಬಳಸಿದ ಬ್ಯಾಟರಿಗಳನ್ನು ಮನೆಯ ಕಸದೊಂದಿಗೆ ಸೇರಿಸದೆ, ಸಂಗ್ರಹಣೆ ಅಥವಾ ಮರುಬಳಕೆ ಘಟಕಗಳಿಗೆ ಒಪ್ಪಿಸಲು ಕೋರಲಾಗಿದೆ.