ಪಿತ್ರಾರ್ಜಿತ ಪಿಸ್ತೂಲು: ಮನೆಯ ಬೆಲೆ, ಸಂಗ್ರಾಹಕನ ಬೆಲೆ

ರಾಯಚೂರು, ಮಾನ್ವಿ ಹಾಗೂ ಬೇಡ ನಾಯಕರ ನೆಲೆಯಾಗಿದ್ದ ದೇವದುರ್ಗಗಳನ್ನೊಳಗೊಂಡ ದೋಆಬ್ ಪ್ರದೇಶವು 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದಿತು. ಇದೇ ಅವಧಿಯಲ್ಲಿ, 1857ರಲ್ಲಿ, ಮುಧೋಳ ಸಮೀಪದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು, ಹಲವರು ಗಲ್ಲಿಗೇರಿದರು. ಅವರನ್ನು ಕುರಿತ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿದರು. ಆಯುಧವು ಮಾನದ ಕುರುಹಾಗಿದ್ದ ಈ ಹಿನ್ನೆಲೆಯನ್ನು ಬಿಟ್ಟು ಪಿತ್ರಾರ್ಜಿತ ಪಿಸ್ತೂಲಿನ ಬೆಲೆ ಕಟ್ಟಲಾಗದು.

1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ಸೆರೆಯಾಳಾಗಿ ಸಾಗುತ್ತಿದ್ದಾಗ, ಸಿಕಂದರಾಬಾದಿನಿಂದಾಚೆಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗಲಿ ಮಡಿದನು. ತಾನೇ ಹಾರಿಸಿಕೊಂಡನೆಂಬುದು ಮೆಡೋಸ್ ಟೇಲರನ ಆತ್ಮಕಥೆಯ ನಿರೂಪಣೆ; ಕೊಲೆಯೆಂಬ ಶಂಕೆ ಜನರಲ್ಲಿ ಉಳಿದಿದೆ. ಅಂತಹ ಪಿಸ್ತೂಲೊಂದು ಇಂದು ಹರಾಜಿಗೆ ಬಂದರೆ ಸಂಗ್ರಾಹಕನು ನೋಡುವುದು ತಯಾರಕನ ಮುದ್ರೆ, ನಳಿಗೆ, ಕುದುರೆ, ಜೊತೆಗೊಂದು ಲಿಖಿತ ದಾಖಲೆ. ಕಾಗದವಿಲ್ಲದ ಕಥೆಗೆ ಅವನು ಕಾಸು ಕೊಡನು. ಮನೆಯವರಿಗಾದರೋ ಕಥೆಯೇ ದಾಖಲೆ. ಮಹಾನವಮಿಯ ಆಯುಧಪೂಜೆಯಲ್ಲಿ ವರ್ಷವರ್ಷವೂ ಹಚ್ಚಿದ ಎಣ್ಣೆ, ಅರಿಸಿನ, ಕುಂಕುಮ ಸಂದುಗಳಲ್ಲಿ ಕುಳಿತಿರುತ್ತದೆ. ಜಾನಪದ ಅಧ್ಯಯನಕಾರರಿಗೆ ಅದು ಕೊಳೆಯಲ್ಲ. ಮಾರುವ ಆತುರದಲ್ಲಿ ಅದನ್ನು ಉಪ್ಪುಕಾಗದದಿಂದ ತಿಕ್ಕಿ ಹೊಳೆಯಿಸುವವರಿದ್ದಾರೆ. ವಿಪರ್ಯಾಸವೆಂದರೆ, ಕಾಲದಿಂದ ಕೂಡಿದ ಮೈಬಣ್ಣ ಹೋದ ಲೋಹಕ್ಕೆ ಸಂಗ್ರಾಹಕನೂ ಬೆಲೆ ತಗ್ಗಿಸುತ್ತಾನೆ.

1959ರ ಆಯುಧ ಕಾಯ್ದೆಯು ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಶಸ್ತ್ರಕ್ಕೆ ವಿನಾಯಿತಿ ನೀಡಿದೆ. ಹಾರಿಸಬಲ್ಲುದಾದರೆ, 2019ರ ತಿದ್ದುಪಡಿಯಂತೆ, ಪಿತ್ರಾರ್ಜಿತವೂ ಸೇರಿ ಸಾಮಾನ್ಯವಾಗಿ ಒಬ್ಬರಿಗೆ ಎರಡೇ. ಮೂರನೆಯದನ್ನು ಠಾಣೆಗೆ ಒಪ್ಪಿಸುವ ಮುನ್ನ ಅದರ ಕಥೆಯನ್ನು ಹಿರಿಯರ ಬಾಯಿಂದ ಬರೆದುಕೊಳ್ಳುವ ಕೆಲಸ ನಮ್ಮ ಕ್ಷೇತ್ರಕಾರ್ಯದಲ್ಲಿ ಇನ್ನೂ ಸೇರಬೇಕಿದೆ.